ಐವತ್ತು ಸೆಕೆಂಡಿಗೊಮ್ಮೆ ಬರುತ್ತಿದ್ದ ಟಕ್

ಶಿರವಾಡದ ಕೈಗಾರಿಕಾ ವಸಾಹತಿನ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ನಾನು ಮೂವತ್ತೇಳು ವರ್ಷ ಕೆಲಸ ಮಾಡಿದೆ. ಸೇರುವಾಗ ಬೆಸುಗೆ ಹಾಕುವ ಕೆಲಸ, ಬಿಡುವಾಗ ಏನೋ ಒಂದು ಉದ್ದನೆಯ ಹುದ್ದೆ. ನಡುವಿನ ಮೆಟ್ಟಿಲುಗಳು ನನಗೇ ಸರಿಯಾಗಿ ನೆನಪಿಲ್ಲ. ಈಗ ಕಾರವಾರದಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗಿಯರು ಒಬ್ಬಿಬ್ಬರು ಮನೆಗೆ ಬಂದು, "ಆಂಟಿ, ಫರ್ಮ್‌ವೇರ್ ಕೆಲಸ ಹ್ಯಾಂಗಿರ್ತದೆ?" ಎಂದು ಕೇಳುತ್ತಾರೆ. ಯಾವ ಭಾಷೆ ಕಲಿಯಬೇಕು, ಯಾವ ಚಿಪ್ ಹಿಡಿಯಬೇಕು ಎಂಬುದು ಅವರಿಗೆ ಬೇಕಾದ ಉತ್ತರ. ನಾನು ನಾಯಕ ಮಾಸ್ತರರ ವಿಷಯ ಹೇಳುತ್ತೇನೆ. ಬಾಯಲ್ಲಿ ಹೇಳುವಾಗ ನನಗೆ ಕಷ್ಟವಾದ ಭಾಗಗಳನ್ನು ಹಾರಿಸಿಬಿಡುತ್ತೇನೆ. ಇಲ್ಲಿ ಹಾರಿಸದೆ ಬರೆಯಬೇಕೆಂದು ಕೂತಿದ್ದೇನೆ.

ಫರ್ಮ್‌ವೇರ್ ಎಂದರೆ ಯಂತ್ರದ ಹೊಟ್ಟೆಯೊಳಗಿನ ಚಿಪ್‌ನಲ್ಲಿ ಕೂತು ಅದನ್ನು ನಡೆಸುವ ಪ್ರೋಗ್ರಾಮ್. ನಾನು ಕಲಿಯುವ ಕಾಲಕ್ಕೆ ಆ ಚಿಪ್‌ನ ನೆತ್ತಿಯ ಮೇಲೆ ಒಂದು ಗಾಜಿನ ಕಿಟಕಿ ಇರುತ್ತಿತ್ತು. ಬರೆದದ್ದು ತಪ್ಪಾದರೆ ನೇರಳೆ ದೀಪದ ಕೆಳಗೆ ಇಪ್ಪತ್ತು ನಿಮಿಷ ಇಟ್ಟು ಅಳಿಸಿ ಮತ್ತೆ ಬರೆಯಬೇಕು. ಆ ಇಪ್ಪತ್ತು ನಿಮಿಷದಲ್ಲಿ ಚಹಾ ಕುಡಿಯಬಹುದಿತ್ತು, ತಪ್ಪು ಎಲ್ಲಾಯಿತು ಎಂದು ಯೋಚಿಸಲೂಬಹುದಿತ್ತು. ನನ್ನ ಮೊದಲ ಸ್ವಂತ ಕೆಲಸ ಕದ್ರಾದ ಒಂದು ವಸತಿ ಕಾಲನಿಯ ನೀರಿನ ಪಂಪಿಗೆ ಟೈಮರ್. ಆ ಗಾಜಿನ ಕಿಟಕಿಗೆ ಕಪ್ಪು ಪಟ್ಟಿ ಅಂಟಿಸುವುದನ್ನು ಮರೆತೆ. ಪಂಪ್ ಮನೆಯ ಕಿಟಕಿಯಿಂದ ದಿನಾ ಬಿಸಿಲು ಬಿದ್ದು ಪ್ರೋಗ್ರಾಮ್ ನಿಧಾನವಾಗಿ ಅಳಿಸಿಹೋಯಿತು. ಒಂದು ಮಧ್ಯಾಹ್ನ ಪಂಪ್ ನಿಲ್ಲಲೇ ಇಲ್ಲ. ಟಾಕಿ ತುಂಬಿ, ಹರಿದು, ಕಾಲನಿಯ ಹೆಂಗಸರು ಒಣಗಲು ಹಾಕಿದ್ದ ಹಪ್ಪಳವೆಲ್ಲ ತೇಲಿತು. ನಮ್ಮ ಯಜಮಾನರಾದ ರಾಯ್ಕರ್ ಸಾಹೇಬರು ನನ್ನನ್ನೇ ಕರೆದುಕೊಂಡು ಹೋಗಿ ಆ ಹೆಂಗಸರ ಮುಂದೆ ನಿಲ್ಲಿಸಿದರು. "ಹಿಣೆಂ ಕೆಲೆಂ," ಎಂದರು, ಇವಳೇ ಮಾಡಿದ್ದು ಎಂದು. ಅವರ ಮನೆಮಾತು ಕೊಂಕಣಿ. ಕೋಪ ಬಂದರೆ ಕನ್ನಡ ಮರೆಯುತ್ತಿದ್ದರು. ಆದರೆ ಆಮೇಲೆ ಆ ವಿಷಯ ಒಂದು ದಿನವೂ ಎತ್ತಲಿಲ್ಲ.

ಎರಡು ಸಾವಿರದ ಎಂಟು-ಒಂಬತ್ತರ ಹೊತ್ತಿಗೆ ನೇರಳೆ ದೀಪ ಮೂಲೆ ಸೇರಿತ್ತು. ಚಿಪ್ಪಿಗೆ ಬರೆಯುವುದು ಯುಎಸ್‌ಬಿ ವಯರಿನಲ್ಲಿ ಅರ್ಧ ನಿಮಿಷದ ಕೆಲಸವಾಗಿತ್ತು. ತಪ್ಪು ಮಾಡುವುದು ಅಷ್ಟೇ ಸುಲಭವಾಗಿತ್ತು, ಯೋಚಿಸುವ ಇಪ್ಪತ್ತು ನಿಮಿಷ ಮಾತ್ರ ಕೈತಪ್ಪಿತ್ತು. ಆಗ ನಮ್ಮಲ್ಲಿಗೆ ಭಜನಾ ಮಂಡಳಿಯವರು, ಯಕ್ಷಗಾನದವರು ಬಂದು, ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡಿದರೆ ಹಿಂದೆ ಗುಂಯ್ ಎನ್ನುತ್ತದೆ, ಏನಾದರೂ ಮಾಡಿಕೊಡಿ ಎನ್ನುತ್ತಿದ್ದರು. ಕಂಪ್ಯೂಟರಿನೊಳಗಿನ ಗದ್ದಲ ಧ್ವನಿಗೆ ತಾಗದಂತೆ, ಹೊರಗೊಂದು ಪೆಟ್ಟಿಗೆಯಲ್ಲಿ ಧ್ವನಿಯನ್ನು ಅಂಕಿಗಳಾಗಿ, ಅಂಕಿಗಳನ್ನು ಧ್ವನಿಯಾಗಿ ಬದಲಿಸಿದರೆ ಈ ತೊಂದರೆ ಇರುವುದಿಲ್ಲ. ಅಂಥದೊಂದು ಪೆಟ್ಟಿಗೆಯ ನಕ್ಷೆ ಮತ್ತು ಪ್ರೋಗ್ರಾಮ್ ಎರಡನ್ನೂ ಬೇರೆ ಬೇರೆ ದೇಶದ ಹವ್ಯಾಸಿಗಳು ಸೇರಿ ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಯಾರು ಬೇಕಾದರೂ ಮಾಡಿಕೊಳ್ಳಬಹುದು. ಷರತ್ತು ಒಂದೇ: ನೀವು ಏನಾದರೂ ತಿದ್ದಿದರೆ ಆ ತಿದ್ದುಪಡಿಯನ್ನೂ ಎಲ್ಲರಿಗೂ ಬಿಟ್ಟುಕೊಡಬೇಕು.

ರಾಯ್ಕರ್ ಸಾಹೇಬರಿಗೆ ಇದು ಅರ್ಥವಾಗಲಿಲ್ಲ. "ನಾವು ತಲೆ ಕೆಡಿಸ್ಕೊಂಡು ಬರಿಯೂದು, ಮತ್ತೆ ಅದನ್ನ ಯಾರ್‍ಯಾರಿಗೋ ಕೊಡೂದು? ಯಾಕೆ ರೇ?"

"ನಮಗೆ ಅವರು ಮೊದಲೇ ಕೊಟ್ಟಾರಲ್ಲ ಸಾಹೇಬ್ರೆ," ಎಂದೆ.

ಅವರು ಸ್ವಲ್ಪ ಹೊತ್ತು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಬಿಡಿಸಿದ ಕೈ ಒಳ್ಳೆಯದೆಂದು ಅವರಿಗೆ ಗೊತ್ತಾಯಿತು. "ಇಪ್ಪತ್ತು ಮಾಡು," ಎಂದರು.

ಆ ಹವ್ಯಾಸಿಗಳ ಗುಂಪು ಮಾತಾಡಿಕೊಳ್ಳುತ್ತಿದ್ದುದು ಒಂದು ಮಿಂಚಂಚೆ ಪಟ್ಟಿಯಲ್ಲಿ. ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವರು ದಕ್ಷಿಣ ಅಮೆರಿಕದ ಎನ್ರಿಕೆ ಎಂಬವರು. ಇವತ್ತಿಗೂ ಅವರ ಮುಖ ನೋಡಿಲ್ಲ. ನಾನು ಹಾರವಾಡದ ಮೀನುಗಾರರ ಮನೆಯವಳು, ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆ. ಮೊದಲ ಇಂಗ್ಲಿಷ್ ಪತ್ರ ಕಳಿಸುವ ಮುಂಚೆ ಅದನ್ನು ಆರು ಸಲ ತಿದ್ದಿದ್ದೆ. ಎನ್ರಿಕೆಯ ಉತ್ತರ ಬಂದಾಗ ಅವರ ಇಂಗ್ಲಿಷ್ ನನ್ನದಕ್ಕಿಂತ ವಕ್ರವಾಗಿತ್ತು. ಅಂದಿನಿಂದ ಹೆದರಿಕೆ ಹೋಯಿತು.

ಅವರ ಪ್ರೋಗ್ರಾಮ್ ಲಿನಕ್ಸ್ ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆಯುತ್ತಿತ್ತು. ವಿಂಡೋಸ್‌ನಲ್ಲಿ ಪೆಟ್ಟಿಗೆ ಇದೆ ಎಂದೇ ಗೊತ್ತಾಗುತ್ತಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಮನೆಮನೆಯಲ್ಲಿದ್ದದ್ದು ವಿಂಡೋಸ್. ಹಾಗಾಗಿ ಒಂದೇ ಫರ್ಮ್‌ವೇರ್ ಎಲ್ಲ ಬಗೆಯ ಕಂಪ್ಯೂಟರಿನಲ್ಲೂ ನಡೆಯುವಂತೆ ಮಾಡುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಮೂರು ತಿಂಗಳಲ್ಲಿ ವಿಂಡೋಸ್‌ನಲ್ಲಿ ಹಾಡು ಕೇಳಿಸಿತು. ಆ ದಿನ ರಾಯ್ಕರ್ ಸಾಹೇಬರು ಕಾರ್ಖಾನೆಯವರಿಗೆಲ್ಲ ಕೊಟ್ಟೆ ಕಡುಬು ತರಿಸಿದರು.

ಇನ್ನು ಯಾರಾದರೂ ದಿನಾ ಬಳಸಿ ನೋಡಬೇಕಿತ್ತು. ಅಂಕೋಲೆಯಲ್ಲಿ ಒಬ್ಬ ಸಂಗೀತ ಮಾಸ್ತರರಿದ್ದಾರೆ, ಕಣ್ಣಿಲ್ಲ, ಕಿವಿ ಮಾತ್ರ ಬಹಳ ಚುರುಕು, ದಿನಾ ರೆಕಾರ್ಡಿಂಗ್ ಮಾಡುತ್ತಾರೆ ಎಂದು ಭಜನೆಯವರು ಹೇಳಿದರು. ಒಂದು ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ನಾಯಕ ಮಾಸ್ತರರಿಗೆ ಆಗ ಅರವತ್ತೈದರ ಮೇಲೆ. ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾರ್ಮೋನಿಯಂ ಕಲಿಸುತ್ತಿದ್ದರು. ಹೆಂಡತಿ ಮಂಗಲಾ ಅಕ್ಕೋರು ಹಿಲ್ಲೂರಿನ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ಎರಡು ತರಗತಿ ಕೂರಿಸಿಕೊಂಡು ವರ್ಷಗಟ್ಟಲೆ ಪಾಠ ಹೇಳಿ ನಿವೃತ್ತರಾದವರು. ಮಕ್ಕಳಿರಲಿಲ್ಲ. ಘಟ್ಟದ ಮೇಲೆ ಒಂದು ಅಂಧ ಮಕ್ಕಳ ಶಾಲೆ ಇತ್ತು. ಅಲ್ಲಿಗೆ ಬ್ರೈಲ್ ಪುಸ್ತಕಗಳು ಬರುವುದು ತಡವಾಗುತ್ತಿತ್ತು. ಅದಕ್ಕೆ ಇವರಿಬ್ಬರೂ ಒಂದು ಏರ್ಪಾಡು ಮಾಡಿಕೊಂಡಿದ್ದರು. ಅಕ್ಕೋರು ಪಠ್ಯಪುಸ್ತಕ ಓದುವುದು, ಮಾಸ್ತರರು ಅದನ್ನು ಕಂಪ್ಯೂಟರಿಗೆ ಹಿಡಿದು, ಕೆಮ್ಮು, ಹಾಳೆಯ ಸದ್ದು ಎಲ್ಲ ಕತ್ತರಿಸಿ, ಸಿ.ಡಿ. ಮಾಡಿ ಕಳಿಸುವುದು. ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ಅವರ ವಿಂಡೋಸ್ ಕಂಪ್ಯೂಟರಿನಲ್ಲಿತ್ತು. ಅದು ಗಡಬಡಿಸಿ ಮಾತಾಡುವ ವೇಗಕ್ಕೆ ನನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಅವರು ಅದಕ್ಕೂ ಮುಂದೆ ಬೆರಳು ಓಡಿಸುತ್ತಿದ್ದರು.

"ಬಾಗಿಲಲ್ಲೇ ಯಂತಕೆ ನಿಂತೆ? ಒಳಗೆ ಬಾ," ಎಂದರು ಅಕ್ಕೋರು. ಕೋಣೆ ತುಂಬುವ, ಅಂಚು ಒಡೆಯದ ದನಿ.

ಮಾಸ್ತರರು ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿ ಪ್ರತಿ ತೂತಿಗೂ ಬೆರಳಿಟ್ಟು ನೋಡಿದರು. ಹೆಡ್‌ಫೋನ್ ಸಿಕ್ಕಿಸಿ ಅಕ್ಕೋರ ಹಳೆಯ ಒಂದು ಪಾಠ ಕೇಳಿದರು. "ಏ ಮಂಗಲಾ, ನಿನ್ನ ಉಸ್ರು ಸಹ ಕೇಳ್ತದೆ ಇದ್ರಲ್ಲಿ!" ಎಂದರು. ನನಗೆ ಯಾರಿಂದಲೂ ಅಂಥ ಹೊಗಳಿಕೆ ಸಿಕ್ಕಿರಲಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಅವರು ಏಳನೆಯ ತರಗತಿಯ ಸಮಾಜ ಪುಸ್ತಕದ ಹನ್ನೊಂದು ಪಾಠಗಳನ್ನೂ ನಮ್ಮ ಪೆಟ್ಟಿಗೆಯಲ್ಲಿ ರೆಕಾರ್ಡ್ ಮಾಡಿದರು. ನಾನು ಆ ಫರ್ಮ್‌ವೇರನ್ನು ಪಟ್ಟಿಯಲ್ಲಿ ಹಾಕಿದೆ. ಎನ್ರಿಕೆ ನನ್ನ ಹೆಸರಿನೊಡನೆ ಅದನ್ನು ಎಲ್ಲರಿಗೂ ಬಿಡುಗಡೆ ಮಾಡಿದರು. ಆಮೇಲೆ ಮಾಸ್ತರರ ಫೋನ್ ಬಂತು.

"ತಂಗಿ, ನಡುನಡುವೆ ಒಂದು ಟಕ್ ಅಂತದೆ."

"ಎಷ್ಟು ಜೋರು ಮಾಸ್ತರೇ?"

"ಜೋರಿಲ್ಲ. ಉಗುರಲ್ಲಿ ಕಾಗದಕ್ಕೆ ಹೊಡದಾಂಗೆ. ಮತ್ತೊಬ್ರಿಗೆ ಕೇಳೂಕೂ ಇಲ್ಲ. ನಂಗೆ ಕೇಳ್ತದೆ."

ನಾನು ಕಾರ್ಖಾನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಒಂದು ಗಂಟೆ ಹಾಡು ಹಾಕಿ ಕೇಳಿದೆ. ಟಕ್ ಇಲ್ಲ. ಮರುದಿನ ಇನ್ನೊಂದು ಗಂಟೆ. ಇಲ್ಲ. ಅವರು ಮತ್ತೆ ಫೋನ್ ಮಾಡಿದರು. ನಾನು ಮತ್ತೆ ಕೇಳಿದೆ. ಮೂರನೆಯ ಸಲ ಫೋನ್ ಬಂದಾಗ ನನ್ನ ಕೈಯಲ್ಲಿ ಬೇರೆ ಕೆಲಸವಿತ್ತು, ಪಟ್ಟಿಯಲ್ಲಿ ಹೊಗಳಿಕೆಯ ಪತ್ರಗಳು ಬರುತ್ತಿದ್ದವು. ನನ್ನ ದನಿಯಲ್ಲಿ ಬೇಸರವಿತ್ತೆಂದು ನನಗೆ ಆಗಲೇ ಗೊತ್ತಿತ್ತು.

"ಮಾಸ್ತರೇ, ಪೆಟ್ಟಿಗೆ ಸರಿ ಇದೆ. ನಾನು ಗಂಟೆಗಟ್ಟಲೆ ಕೇಳಿ ನೋಡ್ದೆ. ಟಕ್ ಅನ್ನೂದು ನಿಮ್ಮ ರೆಕಾರ್ಡಿಂಗಿನಲ್ಲೇ ಇದೆ. ಮೈಕಿನ ವಯರು ಬದ್ಲು ಮಾಡಿ."

"ಹೌದಾ," ಎಂದರು. "ಹಾಂಗಾರೆ ಮತ್ತೊಂದ್ಸಲ ಮಾಡ್ತೊ."

ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ ಒಂದು: ಅದೇ ಪಾಠ ಎರಡು ಸಲ ಕೇಳಿದರೆ ಟಕ್ ಅದೇ ಪದದ ಮೇಲೆ ಬರುತ್ತದೆಯೇ? ಅಥವಾ, ಪೆಟ್ಟಿಗೆ ಕಿತ್ತಿಟ್ಟು ಕಂಪ್ಯೂಟರಿನ ಸ್ವಂತ ಸ್ಪೀಕರಿನಲ್ಲಿ ಒಮ್ಮೆ ಕೇಳಿ ಎಂದು ಹೇಳಿದ್ದರೂ ಸಾಕಿತ್ತು. ಅರ್ಧ ನಿಮಿಷದ ಕೆಲಸ. ಎರಡನ್ನೂ ನಾನು ಮಾಡಲಿಲ್ಲ. ಅವರು ಹನ್ನೊಂದು ಪಾಠಗಳನ್ನೂ ಅಳಿಸಿಹಾಕಿ, ಹೊಸ ವಯರು ತಂದು, ಮೊದಲಿನಿಂದ ಶುರು ಮಾಡಿದರು.

ಅದು ಅಕ್ಟೋಬರ್. ಮಳೆ ನಿಂತು ಬಿಸಿಲು ಸುಡುವ ತಿಂಗಳು. ಅವರು ರೆಕಾರ್ಡ್ ಮಾಡುತ್ತಿದ್ದ ಕೋಣೆಗೆ ತಗಡಿನ ಮಾಡು. ಫ್ಯಾನ್ ಸದ್ದು ಬರುತ್ತದೆಂದು ಫ್ಯಾನ್ ಆರಿಸಿ, ಬೀದಿಯ ಸದ್ದು ಬರುತ್ತದೆಂದು ಕಿಟಕಿ ಮುಚ್ಚಿ, ಅಕ್ಕೋರು ದಿನಕ್ಕೆ ಎರಡು ತಾಸು ಓದುತ್ತಿದ್ದರು. ಮಕ್ಕಳ ಪರೀಕ್ಷೆ ಹತ್ತಿರ ಬರುತ್ತಿದೆಯೆಂದು ಅವಸರ ಬೇರೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ನವೆಂಬರಿನಲ್ಲಿ ಮಾಸ್ತರರು ಮತ್ತೆ ಫೋನ್ ಮಾಡಿದರು. ಈ ಸಲ ಅವರ ಮಾತಿನಲ್ಲಿ ಸಂಕೋಚವಿತ್ತು, ನನಗೆ ತೊಂದರೆ ಕೊಡುತ್ತಿದ್ದೇನೆಂಬ ಸಂಕೋಚ.

"ಸಿಟ್ಟು ಮಾಡ್ಬೇಡ ತಂಗಿ. ಹೊಸದ್ರಲ್ಲೂ ಬತ್ತದೆ. ಮತ್ತೆ ಒಂದು ವಿಷ್ಯ. ನಿನ್ನೆ 'ನದಿಗಳು' ಅನ್ನೂ ಪದದ ಮೇಲೆ ಬಂತು. ಇವತ್ತು ಅದೇ ಪಾಠ ಹಾಕ್ದೆ, 'ನದಿಗಳು' ಸಾಪಾಗಿ ಅದೆ. ಟಕ್ ಮುಂದೆ ಹೋಗಿ ಬತ್ತದೆ. ರೆಕಾರ್ಡಿಂಗಲ್ಲಿ ಇದ್ರೆ ಅಲ್ಲೇ ಇರ್ಬೇಕಾಗಿತ್ತಲ್ವಾ?"

ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗಿಟ್ಟು ಕುರ್ಚಿಯ ಮೇಲೆ ಕೂತೆ. "ನಾಳೆ ಬೆಳಿಗ್ಗೆ ಬರ್ತೆ ಮಾಸ್ತರೇ," ಎಂದೆ.

ಮರುದಿನ ಮೊದಲ ಬಸ್ಸಿಗೆ ಹೋದೆ. ಬಾಗಿಲು ತೆರೆದ ಅಕ್ಕೋರು ಕೈಯಿಂದಲೇ ಒಳಗೆ ಕರೆದರು. ಅವರ ಕೊರಳಿಗೆ ಹತ್ತಿಯ ಶಾಲು ಸುತ್ತಿತ್ತು. ನೆಗಡಿಯಿರಬೇಕು ಎಂದುಕೊಂಡೆ. ಮಾಸ್ತರರ ಪಕ್ಕ ಕೂತು ಇನ್ನೊಂದು ಹೆಡ್‌ಫೋನ್ ಹಾಕಿಕೊಂಡೆ. ಪಾಠ ನಡೆಯಿತು. ಮಾಸ್ತರರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಒಂದು ಕಡೆ ಬೆರಳೆತ್ತಿ, "ಈಗ," ಎಂದರು. ನನಗೆ ಕೇಳಿಸಲಿಲ್ಲ. ಎರಡನೆಯ ಸಲ "ಈಗ" ಎಂದಾಗಲೂ ಇಲ್ಲ. ಮೂರನೆಯ ಸಲ ಕಣ್ಣು ಮುಚ್ಚಿ ಕಾದೆ. ಕೇಳಿಸಿತು. ಅವರು ಹೇಳಿದಂತೆಯೇ, ಉಗುರಿನಲ್ಲಿ ಕಾಗದಕ್ಕೆ ಹೊಡೆದಂತೆ.

"ಇದು ಎಷ್ಟೊತ್ತಿಗೊಮ್ಮೆ ಬತ್ತದೆ ಮಾಸ್ತರೇ?"

"ತೀನ್ ತಾಳದ ಮೂರು ಸುತ್ತು, ಮೇಲೆ ಎರಡು ಮಾತ್ರೆ. ನಾ ಹಾಕೂ ಮಾತ್ರೆ ಸೆಕೆಂಡಿಗೆ ಒಂದು." ಒಂದು ಸುತ್ತಿಗೆ ಹದಿನಾರು ಮಾತ್ರೆ. ಅಂದರೆ ಐವತ್ತು ಸೆಕೆಂಡು. ಗಡಿಯಾರ ಹಿಡಿದು ನೋಡಿದೆ. ಐವತ್ತೇ.

"ಇದು ಬೆಳಗಿನ ಲೆಕ್ಕ," ಎಂದರು ಅವರು. "ಮಧ್ಯಾಹ್ನ ಬೇಗ ಬತ್ತದೆ. ಎರಡೂವರೆ ಸುತ್ತಿಗೇ ಬಂದ್ಬಿಡ್ತದೆ. ಸಂಜಿಗೆ ಮತ್ತೆ ನಿಧಾನ."

ತಲೆಯೆತ್ತಿ ತಗಡಿನ ಮಾಡು ನೋಡಿದೆ. ನನ್ನ ಮೂವತ್ತೇಳು ವರ್ಷದ ಕೆಲಸದಲ್ಲಿ ಇಷ್ಟು ಸ್ಪಷ್ಟವಾಗಿ ದೂರು ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಸೆಕೆಯೇರಿದಂತೆ ಬದಲಾಗುವುದು ಪೆಟ್ಟಿಗೆಯೊಳಗೆ ಒಂದೇ ವಸ್ತು, ಕಾಲ ಎಣಿಸುವ ಸ್ಫಟಿಕ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರಲ್ಲಿ ರಂಪಣಿ ಬಲೆ ಎಳೆಯುವಾಗ ಸಮುದ್ರದಲ್ಲಿ ಬಿಟ್ಟ ಬಲೆಯ ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ಎರಡು ಗುಂಪು ಎಳೆಯುತ್ತದೆ. ಎರಡೂ ಗುಂಪು ಒಂದೇ ವೇಗದಲ್ಲಿ ಎಳೆದೆವು ಎಂದುಕೊಂಡರೂ ಒಂದು ಸ್ವಲ್ಪ ಮುಂದಾಗುತ್ತದೆ. ನಡುವೆ ನಿಂತ ಮುಖಂಡ, ತಾಂಡೇಲ, ನೋಡಿ, ಈ ಕಡೆ ನಿಧಾನ, ಆ ಕಡೆ ಬಿಗಿ ಎಂದು ಕೂಗುತ್ತಿರಬೇಕು. ಕಂಪ್ಯೂಟರಿಗೂ ಪೆಟ್ಟಿಗೆಗೂ ತಮ್ಮ ತಮ್ಮ ಸ್ಫಟಿಕವಿದೆ. ಕಂಪ್ಯೂಟರ್ ಸೆಕೆಂಡಿಗೆ ನಲವತ್ತೆಂಟು ಸಾವಿರ ಅಂಕಿ ಕಳಿಸಿದೆ ಎನ್ನುತ್ತದೆ, ಪೆಟ್ಟಿಗೆಯ ಗಡಿಯಾರದ ಪ್ರಕಾರ ಅದರಲ್ಲಿ ಒಂದು ಕಡಿಮೆ. ಐವತ್ತು ಸೆಕೆಂಡಿಗೆ ಹತ್ತಿರ ಹತ್ತಿರ ಐವತ್ತು ಅಂಕಿ ಕೊರತೆಯಾಗುತ್ತದೆ. ಪೆಟ್ಟಿಗೆಯಲ್ಲಿ ನಾನು ಕೂಡಿಟ್ಟಿದ್ದ ಸಂಚಿ ನಲವತ್ತೆಂಟು ಅಂಕಿಗಳದ್ದು. ಅದು ಬರಿದಾದಾಗಲೆಲ್ಲ ಟಕ್. ಹೀಗಾಗಬಾರದೆಂದೇ ಪೆಟ್ಟಿಗೆ ಆಗಾಗ "ಇಷ್ಟು ಕಳಿಸು" ಎಂದು ಕಂಪ್ಯೂಟರಿಗೆ ಒಂದು ಸಂಖ್ಯೆ ಹೇಳುತ್ತಿರಬೇಕು. ಆ ಕೂಗು ವಿಂಡೋಸ್‌ಗೆ ಮುಟ್ಟುತ್ತಿರಲಿಲ್ಲ.

ಯಾಕೆ ಮುಟ್ಟುತ್ತಿರಲಿಲ್ಲ ಎಂಬುದು ಕಾರ್ಖಾನೆಗೆ ಹೋಗಿ ಎರಡನೆಯ ದಿನ ಸಿಕ್ಕಿತು. ಆ ಸಂಖ್ಯೆಯಲ್ಲಿ ದಶಮಾಂಶದ ಚುಕ್ಕೆ ಎಲ್ಲಿರಬೇಕೆಂಬುದಕ್ಕೆ ನಿಯಮವಿದೆ. ನಾನು ಬರೆದ ಸಾಲಿನಲ್ಲಿ ಚುಕ್ಕೆ ತಪ್ಪಿದ ಜಾಗದಲ್ಲಿತ್ತು. ಲಿನಕ್ಸ್ ಅದನ್ನು ಊಹಿಸಿ ಸರಿಪಡಿಸಿಕೊಳ್ಳುತ್ತಿತ್ತು. ವಿಂಡೋಸ್ ಅರ್ಥವಿಲ್ಲದ ಸಂಖ್ಯೆಯೆಂದು ಪಕ್ಕಕ್ಕಿಡುತ್ತಿತ್ತು, ಅದರಲ್ಲಿ ಅದರ ತಪ್ಪೇನೂ ಇಲ್ಲ. ಇನ್ನು ನಮ್ಮ ಕಾರ್ಖಾನೆಯ ಕಂಪ್ಯೂಟರಿನ ಸ್ಫಟಿಕ ಪೆಟ್ಟಿಗೆಯದಕ್ಕೆ ಎಷ್ಟು ಹತ್ತಿರವಿತ್ತೆಂದರೆ, ಅದರಲ್ಲಿ ಟಕ್ ಬರಲು ಹಲವು ತಾಸು ಬೇಕಿತ್ತು. ನಾನು ಕೇಳಿದ್ದು ಒಂದೊಂದು ತಾಸು.

ಸಾಲು ತಿದ್ದಿ ಪಟ್ಟಿಗೆ ಕಳಿಸಿದೆ. ಎನ್ರಿಕೆ ತಮ್ಮ ಮ್ಯಾಕ್‌ನಲ್ಲಿ ಹಾಕಿ, ಸ್ಪೀಕರಿನಲ್ಲಿ ಜೇನುಹುಳ ಸೇರಿಕೊಂಡಿದೆ ಎಂದು ಬರೆದರು. ಅದನ್ನು ಸರಿಮಾಡಿದರೆ ವಿಂಡೋಸ್ ಮುನಿಯಿತು. ಹೀಗೆ ಎರಡು ವಾರ. ಕೊನೆಗೆ, ಪೆಟ್ಟಿಗೆ ಸಿಕ್ಕಿಸಿದ ಕೂಡಲೇ ಪ್ರತಿ ಬಗೆಯ ಕಂಪ್ಯೂಟರ್ ತನ್ನದೇ ಕ್ರಮದಲ್ಲಿ ಕೆಲವು ಪ್ರಶ್ನೆ ಕೇಳುತ್ತದೆ, ಆ ಕ್ರಮ ನೋಡಿದರೆ ಎದುರಿಗಿರುವವರು ಯಾರೆಂದು ಗೊತ್ತಾಗುತ್ತದೆ ಎಂಬುದನ್ನು ಎನ್ರಿಕೆ ಕಂಡುಹಿಡಿದರು. ಯಾರೆಂದು ತಿಳಿದು ಅವರಿಗೆ ಒಪ್ಪುವಂತೆ ಸಂಖ್ಯೆ ಹೇಳುವ ಭಾಗವನ್ನು ನಾನು ಬರೆದೆ. ಮೂರೂ ಕಡೆ ಧ್ವನಿ ತಿಳಿಯಾಯಿತು.

ಬಿಡುಗಡೆಯ ಪತ್ರ ಬರೆಯುವಾಗ ರಾಯ್ಕರ್ ಸಾಹೇಬರು ನನ್ನ ಹಿಂದೆ ನಿಂತು ಓದಿದರು. ಹಿಂದಿನ ಆವೃತ್ತಿಯ ದೋಷ ನನ್ನದು, ಒಬ್ಬ ಬಳಕೆದಾರರು ಮೂರು ಸಲ ಹೇಳಿದರೂ ನಾನು ಒಪ್ಪಲಿಲ್ಲ ಎಂದು ಬರೆದಿದ್ದೆ.

"ಇದೆಲ್ಲ ಬೇಕಾ? 'ಸುಧಾರಣೆ ಮಾಡಿದೆ' ಅಂತ ಬರಿ, ಸಾಕು. ನಮ್ಮ ಹೆಸರದೆ ಅದ್ರಲ್ಲಿ."

"ಬೇರೆ ಯಾರಾದ್ರೂ ಟಕ್ ಅಂತದೆ ಅಂದು, ಮತ್ಯಾರೋ ಇಲ್ಲ ಅಂದಿರ್ಬಹುದು ಸಾಹೇಬ್ರೆ. ಅವ್ರಿಗೆ ಗೊತ್ತಾಗ್ಬೇಕಲ್ಲ."

ಅವರು ತಮ್ಮ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಿಂದ ತಲೆ ಹೊರಗೆ ಹಾಕಿ, "ಆ ಮಾಸ್ತರರ ಹೆಸರು ಸಹ ಹಾಕು," ಎಂದರು.

ಇಷ್ಟರವರೆಗೆ ಒಂದು ವಿಷಯವನ್ನು ನನ್ನ ಮನಸ್ಸು ಮುಟ್ಟದೆ ಬದಿಗಿಟ್ಟಿತ್ತು. ತಿದ್ದಿದ ಫರ್ಮ್‌ವೇರ್ ಹಿಡಿದು ಅಂಕೋಲೆಯ ಬಸ್ಸಿನಲ್ಲಿ ಕೂತಾಗ ಅದು ಎದುರಿಗೆ ಬಂತು. ಚುಕ್ಕೆಯ ತಪ್ಪು ತಟ್ಟುವುದು ಕಂಪ್ಯೂಟರ್ ಕಳಿಸಿದ್ದನ್ನು ಪೆಟ್ಟಿಗೆ ನುಡಿಸುವಾಗ ಮಾತ್ರ. ರೆಕಾರ್ಡ್ ಮಾಡುವಾಗ ಕಾಲ ನಿರ್ಧರಿಸುವುದು ಪೆಟ್ಟಿಗೆ. ಅದು ಎಷ್ಟು ಕೊಟ್ಟರೆ ಅಷ್ಟನ್ನು ಕಂಪ್ಯೂಟರ್ ಸುಮ್ಮನೆ ಬರೆದುಕೊಳ್ಳುತ್ತದೆ. ಅಂದರೆ ಮಾಸ್ತರರು ಅಳಿಸಿದ ಹನ್ನೊಂದು ಪಾಠಗಳಲ್ಲಿ ಒಂದು ಟಕ್ ಕೂಡ ಇರಲಿಲ್ಲ. ಎಲ್ಲ ಶುದ್ಧವಾಗಿದ್ದವು.

ಮನೆ ಮುಟ್ಟಿದಾಗ ಅಕ್ಕೋರ ಕೊರಳಿನ ಶಾಲು ಹಾಗೇ ಇತ್ತು. ಮಾಸ್ತರರೇ ಹೇಳಿದರು. ಎರಡನೆಯ ಸಲ ಏಳು ಪಾಠ ಮುಗಿಸುವಷ್ಟರಲ್ಲಿ ದನಿ ಒಡೆದುಹೋಗಿತ್ತು. ಗಂಟಲಿನಲ್ಲಿ ಗಂಟು ಎಂದು ಕಾರವಾರದ ಡಾಕ್ಟರು ಹೇಳಿದ್ದರು. ಸಣ್ಣದೊಂದು ಆಪರೇಶನ್ ಆಗಿತ್ತು. ಮುಂದೆ ಹೇಳುವವರೆಗೆ ಪಿಸುಮಾತೂ ಆಡಬಾರದು, ದನಿ ಎಷ್ಟು ಮರಳಿ ಬರುತ್ತದೆಂದು ಈಗಲೇ ಹೇಳಲಾಗದು ಎಂದಿದ್ದರು.

ಮಾತಾಡಲಾಗದ ಹೆಂಡತಿ, ಕಾಣಲಾಗದ ಗಂಡ. ಅವರು ಮಾತಾಡಿಕೊಳ್ಳುವುದು ಹೇಗೆಂದು ನಾನು ಯೋಚಿಸುವ ಮೊದಲೇ ಅಕ್ಕೋರು ಬಂದು ಮಾಸ್ತರರ ಅಂಗೈಯನ್ನು ಎಳೆದುಕೊಂಡು ಅದರ ಮೇಲೆ ತೋರುಬೆರಳಿನಿಂದ ಅಕ್ಷರ ಬರೆದರು. ಬ್ರೈಲ್ ಅವರಿಗೆ ಬರುತ್ತಿರಲಿಲ್ಲ. ಮಾಸ್ತರರಿಗೆ ಶಾಯಿಯ ಅಕ್ಷರ ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅಂಗೈ ಮೇಲೆ ಬರೆದು ಬರೆದು ಅಕ್ಕೋರೇ ಅವರಿಗೆ ಅಕ್ಷರದ ಆಕಾರ ಕಲಿಸಿದ್ದರಂತೆ. ಮಾಸ್ತರರು ಓದಿ ಹೇಳಿದರು: "ಚಾ ಕುಡೀತ್ಯ ಕೇಳ್ತಾಳೆ."

ನಾನು ಚಹಾ ಬೇಡವೆಂದೆ. ನಿಂತೇ ಹೇಳಿದೆ. ಚುಕ್ಕೆಯ ತಪ್ಪು, ಅದು ನನ್ನ ತಪ್ಪು, ಅಳಿಸಿದ ಪಾಠಗಳು ಶುದ್ಧವಾಗಿದ್ದವು, ಮತ್ತೆ ಓದುವ ಅಗತ್ಯವೇ ಇರಲಿಲ್ಲ. ಎಲ್ಲ ಒಂದೇ ಉಸಿರಿಗೆ ಹೇಳಿ, "ನಿಮ್ಮ ಗಂಟಲು ನನ್ನಿಂದ ಹೀಂಗಾಯ್ತು ಅಕ್ಕೋರೆ," ಎಂದೆ.

ಮಾಸ್ತರರ ಕೈ ಕೀಲಿಮಣೆಯ ಮೇಲೆಯೇ ಇತ್ತು, ಬೆರಳು ಆಡುತ್ತಿರಲಿಲ್ಲ.

"ನಂಗೆ ಗೊತ್ತಿತ್ತು," ಎಂದರು. "ಅಳಿಸೂ ದಿನವೂ ಗೊತ್ತಿತ್ತು, ಇವ್ಳ ಓದಿನಲ್ಲಿ ಅದಿಲ್ಲ ಅಂತ. ಆದ್ರೆ ನೀ ಕಲ್ತವ್ಳು. ನಿಂಗೆ ಕೇಳೂದಿಲ್ಲ ಅಂದ ಮೇಲೆ ನನ್ನ ಕಿವಿದೇ ತಪ್ಪು ಅಂದ್ಕಂಡೆ. ಕಣ್ಣಂತೂ ಇಲ್ಲ, ಈಗ ಕಿವಿಯೂ ಹೋಯ್ತಾ ಅಂತ ಹೆದ್ರಿಕೆ ಆಯ್ತು ತಂಗಿ. ಅದನ್ನ ಇವ್ಳಿಗೂ ಹೇಳ್ಲಿಲ್ಲ."

ಅಕ್ಕೋರು ಅವರ ಮುಖ ನೋಡಿದರು. ಅವರಿಗೂ ಅದು ಅಂದೇ ತಿಳಿದದ್ದು. ನನ್ನಿಂದ ಅಳಿಸಿಹೋದದ್ದು ಪಾಠವಷ್ಟೇ ಎಂದುಕೊಂಡು ಬಸ್ಸಿನಲ್ಲಿ ಬಂದಿದ್ದೆ. ಒಬ್ಬ ಮನುಷ್ಯನಿಗೆ ತನ್ನ ಕಿವಿಯ ಮೇಲಿದ್ದ ನಂಬಿಕೆಯನ್ನು ಎರಡು ತಿಂಗಳು ಕಿತ್ತುಕೊಂಡಿದ್ದೆ ಎಂಬುದು ಆ ಕೋಣೆಯಲ್ಲಿ ತಿಳಿಯಿತು. ಅಕ್ಕೋರ ಗಂಟು ಹಿಲ್ಲೂರಿನ ಕಾಲದಿಂದಲೇ ಬೆಳೆಯುತ್ತಿತ್ತು, ಇವತ್ತಲ್ಲ ನಾಳೆ ಬರುತ್ತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಆ ಮಾತು ನನಗೆ ಅಷ್ಟೇನೂ ಸಮಾಧಾನ ಕೊಡಲಿಲ್ಲ.

ಅಕ್ಕೋರು ಮತ್ತೆ ಮಾಸ್ತರರ ಅಂಗೈ ಎಳೆದುಕೊಂಡರು. ಈ ಸಲ ಬಹಳ ಬರೆದರು. ಮಾಸ್ತರರ ಮುಖ ಮೊದಲು ಬಿಗಿಯಾಗಿ, ಆಮೇಲೆ ಸಡಿಲಾಯಿತು.

"ಕೂತ್ಕ, ಅಂತಾಳೆ. ಇನ್ನೂ ನಾಲ್ಕು ಪಾಠ ಉಳದದೆ. ಮಕ್ಕಳಿಗೆ ಪರೀಕ್ಷೆ ಬಂತು. ಅದನ್ನ ನೀ ಓದು, ಅಂತಾಳೆ."

"ನಾನಾ? ನಂಗೆ ಓದೂಕೆ ಎಲ್ಲಿ ಬತ್ತದೆ ಅಕ್ಕೋರೆ?"

ಅವರು ಎದ್ದು ಹೋಗಿ ಪುಸ್ತಕ ತಂದು ಎಂಟನೆಯ ಪಾಠ ತೆರೆದು ನನ್ನ ಕೈಗೆ ಕೊಟ್ಟರು.

ನಾಲ್ಕು ಭಾನುವಾರ ಅಂಕೋಲೆಗೆ ಹೋದೆ. ಫ್ಯಾನ್ ಆರಿಸಿದ, ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಕೂತ ಮೇಲೆ ಅಕ್ಟೋಬರಿನಲ್ಲಿ ಅದು ಹೇಗಿತ್ತೆಂದು ಬೆನ್ನಿನ ಬೆವರು ಹೇಳಿತು. ನಾನು ಓದುವುದು, ಅಕ್ಕೋರು ಎದುರಿಗೆ ಕೂತು ತಪ್ಪಾದಲ್ಲಿ ಪುಸ್ತಕದ ಮೇಲೆ ಬೆರಳು ಕುಟ್ಟುವುದು, ಮಾಸ್ತರರು "ಮತ್ತೆ" ಎನ್ನುವುದು. ನಾನು ಶಾಲೆಯಲ್ಲೂ ಅಷ್ಟು ಸಲ ಓದಿರಲಿಲ್ಲ. ಒಂದು ವಾಕ್ಯವನ್ನು ಒಂಬತ್ತು ಸಲ ಓದಿಸಿದರು. ಪ್ರತಿ ಪಾಠ ಮುಗಿದ ಮೇಲೆ ಮಾಸ್ತರರು ಹೆಡ್‌ಫೋನ್ ಹಾಕಿ ಮೊದಲಿನಿಂದ ಕೊನೆಯವರೆಗೆ ಕೇಳುತ್ತಿದ್ದರು. ನಾನು ಉಸಿರು ಹಿಡಿದು ಅವರ ಬೆರಳು ನೋಡುತ್ತಿದ್ದೆ. ಬೆರಳು ಏಳುತ್ತಿರಲಿಲ್ಲ. "ಇಲ್ಲ. ಸಾಪಾಗಿ ಅದೆ," ಎನ್ನುತ್ತಿದ್ದರು. ಆ ಮಾತಿಗಿಂತ ದೊಡ್ಡ ಪರೀಕ್ಷೆಯ ಫಲಿತಾಂಶವನ್ನು ನಾನು ಆಮೇಲೆ ಯಾವ ಪ್ರಯೋಗಾಲಯದಿಂದಲೂ ಪಡೆದಿಲ್ಲ.

ಸಿ.ಡಿ.ಗಳು ಘಟ್ಟ ಹತ್ತಿದವು. ಕೆಲವು ವಾರ ಕಳೆದು ಶಾಲೆಯಿಂದ ಒಂದು ಲಕೋಟೆ ಬಂತು, ಮಕ್ಕಳೇ ಚುಚ್ಚಿ ಬರೆದ ಬ್ರೈಲ್ ಪತ್ರ. ಬಂದು ಕೇಳು ಎಂದು ಮಾಸ್ತರರು ನನ್ನನ್ನೂ ಕರೆಸಿದರು. ಅಕ್ಕೋರ ಮೌನದ ಅವಧಿ ಅಷ್ಟರಲ್ಲಿ ಮುಗಿದಿತ್ತು, ಇನ್ನು ಮೆಲ್ಲಗೆ ಮಾತಾಡಬಹುದು ಎಂದು ಡಾಕ್ಟರು ಹೇಳಿ ಎರಡು ದಿನವಾಗಿತ್ತು. ಆದರೆ ಅವರು ಬಾಯಿ ತೆರೆದಿರಲಿಲ್ಲ. ಏನು ದನಿ ಬರುತ್ತದೋ, ಬರುವುದೇ ಇಲ್ಲವೋ ಎಂಬ ಅಂಜಿಕೆಯಿಂದ ಇನ್ನೂ ಅಂಗೈ ಮೇಲೇ ಬರೆಯುತ್ತಿದ್ದರು.

ಜಗಲಿಯ ಮೇಲೆ ಮಾಸ್ತರರು ಪತ್ರವನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಾಡಿಸುತ್ತ ಗಟ್ಟಿಯಾಗಿ ಓದಿದರು. ಪಾಠಗಳು ಸಿಕ್ಕಿವೆ. ಎಲ್ಲರೂ ಕೇಳುತ್ತಿದ್ದೇವೆ. ಮೊದಲ ಏಳು ಪಾಠದ ಅಕ್ಕೋರಿಗೆ ನೆಗಡಿಯಾಗಿದೆ, ಅವರು ಬಿಸಿನೀರು ಕುಡಿಯಬೇಕು. ಕೊನೆಯ ನಾಲ್ಕು ಪಾಠದ ಅಕ್ಕೋರು ಬಸ್ಸು ತಪ್ಪಿಹೋಗುವವರ ಹಾಗೆ ಓದುತ್ತಾರೆ. ಅವರಿಗೆ ದಯವಿಟ್ಟು ಹೇಳಿ, ನಾವು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಕೂತಿರುತ್ತೇವೆ.

ಅಕ್ಕೋರು ನಕ್ಕರು. ನಗಬೇಕೆಂದು ಅಂದುಕೊಂಡು ನಕ್ಕದ್ದಲ್ಲ, ತಡೆಯಲಾಗದೆ ಬಂದದ್ದು. ಒರಟಾದ, ಮೊದಲಿಗಿಂತ ಕೆಳಗಿನ ಶ್ರುತಿಯ ಒಂದು ದನಿ ಅವರ ಗಂಟಲಿನಿಂದ ಹೊರಬಿತ್ತು. ಮಾಸ್ತರರು ಓದುವುದನ್ನು ನಿಲ್ಲಿಸಿದರು. ಬೆರಳನ್ನು ಆ ಸಾಲಿನ ಮೇಲೆಯೇ ಇಟ್ಟುಕೊಂಡು, ತಲೆಯನ್ನು ಹೆಂಡತಿಯ ಕಡೆಗೆ ಸ್ವಲ್ಪ ವಾಲಿಸಿ, ಅದು ಇನ್ನೊಮ್ಮೆ ಬರುತ್ತದೆಯೇ ಎಂದು ಕಾದು ಕೂತರು.